36 ಎಕರೆಯ ಮಿಶ್ರ ಬಳಕೆ ಯೋಜನೆಗೆ ಹೊಂದಾಣಿಕೆಯ ಅನುಮತಿ: ದಾರಿ ಯಾವುದು, ಮಿತಿ ಎಲ್ಲಿ?

ಹೆಂಚಿನ ಕಾರ್ಖಾನೆ ಮನೆಯವರು (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವರ್ತುಲ ರಸ್ತೆಯ ಪೂರ್ವಕ್ಕೆ, ಕೃಷ್ಣರಾಜಪುರದ ಕಡೆಗೆ, ನಮ್ಮ ತಾತ ಹೆಂಚು ಮತ್ತು ಇಟ್ಟಿಗೆ ಕಾರ್ಖಾನೆ ನಡೆಸುತ್ತಿದ್ದ ಜಾಗವೂ ಅದಕ್ಕೆ ಅಂಟಿಕೊಂಡ ದಾಯಾದಿಗಳ ಜಮೀನೂ ಸೇರಿ ಒಟ್ಟು 36 ಎಕರೆ ಇದೆ. ಕಾರ್ಖಾನೆಯ ಬೆಂಕಿ ಆರಿ ಬಹಳ ವರ್ಷಗಳಾದವು. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಇಡೀ ಜಾಗ ಕೈಗಾರಿಕಾ ವಲಯವೆಂದೇ ಉಳಿದಿದೆ. ಮುಂದೆ ದೊಡ್ಡ ರಸ್ತೆ, ಹಿಂದೆ 12 ಮೀಟರ್ ರಸ್ತೆ, ಒಂದು ಬದಿಗೆ ಗ್ರಾಮಠಾಣಾ, ನಡುವೆ ಸುಮಾರು 400 ಮೀಟರ್ ಉದ್ದಕ್ಕೆ ಮೂರನೇ ದರ್ಜೆಯ ರಾಜಕಾಲುವೆ ಹಾದುಹೋಗುತ್ತದೆ.

ನಾಲ್ಕು ಕುಟುಂಬಗಳೂ ಸೇರಿ ಒಬ್ಬ ನಿರ್ಮಾಣಗಾರರೊಂದಿಗೆ ಜಂಟಿ ಅಭಿವೃದ್ಧಿಯ ಮಾತುಕತೆ ನಡೆಸುತ್ತಿದ್ದೇವೆ. ಮನೆ, ಕಚೇರಿ, ಅಂಗಡಿ, ಒಂದು ಶಾಲೆ, ಸಾಧ್ಯವಾದರೆ ಒಂದು ಹೋಟೆಲು ಎಂಬುದು ಅವರ ಯೋಚನೆ. ಇದೆಲ್ಲ ಮುಗಿಯಲು ಹತ್ತು ಹನ್ನೆರಡು ವರ್ಷ ಹಿಡಿಯುವುದರಿಂದ, ಕಚೇರಿಗೆ ಬೇಡಿಕೆ ಕುಸಿದರೆ ಮನೆ ಕಟ್ಟಲು, ಮನೆ ಮಾರಾಟ ನಿಂತರೆ ಕಚೇರಿ ಕಟ್ಟಲು ಅವಕಾಶವಿರಬೇಕು, ಪ್ರತಿ ಸಲವೂ ಮೊದಲಿನಿಂದ ಕಡತ ಹಿಡಿದು ಅಲೆಯುವಂತಿರಬಾರದು ಎಂದು ಅವರು ಹೇಳುತ್ತಾರೆ. ಮಾತು ನ್ಯಾಯವಾಗಿಯೇ ಇದೆ. ಆದರೆ ಅವರು ತಂದಿರುವ ಕರಡು ಕರಾರಿನಲ್ಲಿ 'ಕಾಲಕಾಲಕ್ಕೆ ಸೂಕ್ತವೆಂದು ಕಂಡಂತೆ' ಎಂಬ ಮಾತು ಹನ್ನೊಂದು ಕಡೆ ಇರುವುದನ್ನು ಎಣಿಸಿದ ಮೇಲೆ ನಮ್ಮ ದೊಡ್ಡಪ್ಪನವರು ಸಹಿ ಮಾಡಲು ಒಪ್ಪುತ್ತಿಲ್ಲ. ಇಂಥ ಸಡಿಲಿಕೆಯುಳ್ಳ ಅನುಮತಿ ನಮ್ಮ ಊರಿನ ಕಾನೂನಿನಲ್ಲಿ ಸಿಗುತ್ತದೆಯೇ, ಸಿಕ್ಕರೆ ಅದು ಯಾವ ಹಂತದಲ್ಲಿ ಸಿಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಯೋಜನಾಧಿಕಾರಿ

ನಿಮ್ಮ ಪ್ರಶ್ನೆಗೆ ಉತ್ತರ ಒಂದೇ ಕಡತದಲ್ಲಿ ಇಲ್ಲ. 'ಅನುಮತಿ' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವದಲ್ಲಿ ಒಂದರ ಮೇಲೊಂದು ಕೂತಿರುವ ನಾಲ್ಕೈದು ಅನುಮತಿಗಳು, ಮತ್ತು ಮೇಲಿನದು ಬಿಗಿಯಾಗಿರುವಾಗ ಕೆಳಗಿನದನ್ನು ಮಾತ್ರ ಹಗುರ ಮಾಡಿಕೊಂಡರೆ ಏನೂ ಉಪಯೋಗವಿಲ್ಲ.

ಮೊದಲನೆಯದು ಭೂಬಳಕೆ. ಬೆಂಗಳೂರು ಇಂದಿಗೂ 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ-2015ರ ಅಡಿಯಲ್ಲೇ ನಡೆಯುತ್ತಿದೆ. 2031ರ ಕರಡು 2017ರಲ್ಲಿ ಹೊರಬಂದು 2020ರಲ್ಲಿ ಹಿಂದೆ ಸರಿಯಿತು. ಹೀಗಾಗಿ ಆರಿದ ಇಟ್ಟಿಗೆ ಗೂಡುಗಳ ಮೇಲೆ ಇನ್ನೂ ಕೈಗಾರಿಕೆಯ ಬಣ್ಣವಿರುವುದು ನಿಮ್ಮೊಬ್ಬರ ಕತೆಯಲ್ಲ. ಇದನ್ನು ಬದಲಿಸಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಕಲಂ 14-ಎ ಅಡಿಯಲ್ಲಿ ಅರ್ಜಿ ಹಾಕಬೇಕು. ಯೋಜನಾ ಪ್ರಾಧಿಕಾರವು ರಾಜ್ಯ ಸರ್ಕಾರದ ಪೂರ್ವಾನುಮೋದನೆ ಪಡೆದು ಬದಲಾವಣೆಗೆ ಒಪ್ಪಬಹುದು. ಆದರೆ ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಬೇರೆ ಯಾವ ಕಾನೂನಿಗೂ ವಿರುದ್ಧವಾಗಿರಬಾರದು, ಮತ್ತು ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ನಾನು ಸೇವೆಯಲ್ಲಿದ್ದಾಗ ಈ ಅರ್ಜಿಗಳು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಬರುತ್ತಿದ್ದವು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದ ಮೇಲೆ ಯೋಜನಾ ಪ್ರಾಧಿಕಾರದ ಹೊಣೆ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಸೇರಿದೆ, ಪಾಲಿಕೆಯೂ ಐದಾಗಿದೆ. ಯಾವ ಮೇಜಿನ ಮೇಲೆ ನಿಮ್ಮ ಕಡತ ಕೂರುತ್ತದೆಂಬುದನ್ನು ಅರ್ಜಿ ಬರೆಯುವ ಮೊದಲೇ ಖಚಿತಪಡಿಸಿಕೊಳ್ಳಿ.

ಇಲ್ಲಿಯೇ ನಿಮಗೆ ಬೇಕಾದ ಹೊಂದಾಣಿಕೆಯ ದೊಡ್ಡ ಪಾಲು ಅಡಗಿದೆ. ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಮುಖ್ಯ ಬಳಕೆಗಳದ್ದೊಂದು, ಪೂರಕ ಬಳಕೆಗಳದ್ದೊಂದು ಪಟ್ಟಿ ಇದೆ. ಯಾವ ವಲಯವನ್ನು ಕೇಳಿಕೊಂಡರೆ ನಿಮ್ಮ ಮನಸ್ಸಿನಲ್ಲಿರುವ ಬಳಕೆಗಳಲ್ಲಿ ಹೆಚ್ಚಿನವು ಆ ಎರಡು ಪಟ್ಟಿಗಳೊಳಗೆ ಬೀಳುತ್ತವೆಯೋ ಅದನ್ನು ಕೇಳುವುದೇ ಜಾಣತನ. ಅವಸರದಲ್ಲಿ ಬರಿಯ 'ವಸತಿ' ಎಂದು ಬರೆಸಿಕೊಂಡು, ಮೂರು ವರ್ಷದ ಮೇಲೆ ಕಚೇರಿಗಾಗಿ ಮತ್ತೆ 14-ಎ ಬಾಗಿಲು ತಟ್ಟಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಫ್‌ಎಆರ್, ಅಂದರೆ ಜಾಗದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ, ಎಷ್ಟು ಸಿಗುತ್ತದೆಂಬುದು ಜಾಗದ ವಿಸ್ತೀರ್ಣದ ಜೊತೆಗೆ ಮುಂದಿನ ರಸ್ತೆಯ ಅಗಲವನ್ನೂ ಅವಲಂಬಿಸಿರುವುದರಿಂದ, ದೊಡ್ಡ ರಸ್ತೆಯ ಕಡೆಗೆ ತೆರೆದುಕೊಳ್ಳುವ ಭಾಗಕ್ಕೂ ಹಿಂದಿನ 12 ಮೀಟರ್ ರಸ್ತೆಯ ಕಡೆಗಿನ ಭಾಗಕ್ಕೂ ಒಂದೇ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಎರಡನೆಯದು ಅಭಿವೃದ್ಧಿ ನಕ್ಷೆ. ಇಷ್ಟು ದೊಡ್ಡ ಜಾಗದ ವಸತಿ ಯೋಜನೆಯಲ್ಲಿ ಶೇ. 10ರಷ್ಟನ್ನು ಉದ್ಯಾನ ಮತ್ತು ಬಯಲಿಗೆ, ಶೇ. 5ರಷ್ಟನ್ನು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಇಡೀ 36 ಎಕರೆಯ ಮೇಲೆ ಲೆಕ್ಕ ಹಾಕಿದರೆ ಉದ್ಯಾನಕ್ಕೆ 3 ಎಕರೆ 24 ಗುಂಟೆ, ಸೌಲಭ್ಯಕ್ಕೆ 1 ಎಕರೆ 32 ಗುಂಟೆ. ಜೊತೆಗೆ ಮಹಾಯೋಜನೆಯ ರಸ್ತೆಗಳು. ಕಾಲುವೆಗೆ ಮೂರನೇ ದರ್ಜೆಯಾದರೆ ಮಧ್ಯದಿಂದ ಎರಡೂ ಕಡೆ 15 ಮೀಟರ್ ಬಿಡಬೇಕು. 400 ಮೀಟರ್ ಉದ್ದಕ್ಕೆ 30 ಮೀಟರ್ ಅಗಲವೆಂದರೆ 12,000 ಚದರ ಮೀಟರ್, ಅಂದರೆ ಸುಮಾರು ಮೂರು ಎಕರೆ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಈ ಅಂತರವನ್ನು 25 ಮೀಟರಿಗೆ ಏರಿಸಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ನಡುವಿನ ಆ ಮೂರು ವರ್ಷ ಎಷ್ಟೋ ನಕ್ಷೆಗಳು ಮೇಜಿನ ಮೇಲೆ ಧೂಳು ಹಿಡಿದವು. ನಿಯಮ ನಡುದಾರಿಯಲ್ಲಿ ಬದಲಾಗಬಹುದೆಂಬ ನಿಮ್ಮ ನಿರ್ಮಾಣಗಾರರ ಅಂಜಿಕೆ ಹುಸಿಯಲ್ಲ.

ಮೂರನೆಯದು ಪರಿಸರ ಅನುಮತಿ. 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಕಡ್ಡಾಯ. ನಿರ್ಮಿತ ಪ್ರದೇಶ 1,50,000 ಚದರ ಮೀಟರ್ ಮುಟ್ಟಿದರೆ ಅದು ಟೌನ್‌ಶಿಪ್ ಮತ್ತು ಪ್ರದೇಶಾಭಿವೃದ್ಧಿಯ ವರ್ಗಕ್ಕೆ ಸೇರುತ್ತದೆ. ನಿಮ್ಮ ನೆಲವೇ 1,45,000 ಚದರ ಮೀಟರಿಗಿಂತ ಹೆಚ್ಚಿರುವಾಗ ಆ ವರ್ಗದಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆಮೇಲೆ ಕಟ್ಟಡ ನಕ್ಷೆ, ಅಗ್ನಿಶಾಮಕ, ಜಲಮಂಡಳಿ, ಬೆಸ್ಕಾಂ, ವಿಮಾನಯಾನದ ಎತ್ತರದ ಮಿತಿ ಮೊದಲಾದ ನಿರಾಕ್ಷೇಪಣೆಗಳು. ಅವುಗಳ ವಿಷಯ ನಿಮ್ಮ ವಾಸ್ತುಶಿಲ್ಪಿಗೆ ಗೊತ್ತೇ ಇರುತ್ತದೆ.

ಹಿಂದಿನ ಬೀದಿಯ ನಿವಾಸಿ

ಆ 12 ಮೀಟರ್ ರಸ್ತೆಯಂಥದೇ ರಸ್ತೆಯಲ್ಲಿ, ಅಂಥದೇ ಒಂದು ಯೋಜನೆಯ ಹಿಂಬದಿಯಲ್ಲಿ ವಾಸವಾಗಿರುವುದರಿಂದ ಈ ಚರ್ಚೆಗೆ ಇಳಿಯುತ್ತಿದ್ದೇನೆ. 'ಸಡಿಲಿಕೆ' ಎಂಬ ಪದವನ್ನು ಕೇಳಿದರೇ ನಮ್ಮ ಬಡಾವಣೆಯವರು ಬೆಚ್ಚುತ್ತಾರೆ. ಹೊಂದಾಣಿಕೆ ಬೇರೆ, ಸಡಿಲಿಕೆ ಬೇರೆ. ಮನೆಯ ಬದಲು ಕಚೇರಿ ಎಂಬುದು ಹೊಂದಾಣಿಕೆ. ಬಿಡಬೇಕಾದ ಜಾಗ ಬಿಡದಿರುವುದು ಸಡಿಲಿಕೆ. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಪಡೆಯುವವರೇ ಹೆಚ್ಚು. ಈ ಊರಿನಲ್ಲಿ ತಪ್ಪಿ ಕಟ್ಟಿ ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ಆಸೆ ಎಷ್ಟು ಬಲವಾಗಿದೆಯೆಂದರೆ, 2017ರಲ್ಲಿ ಸುಪ್ರೀಂ ಕೋರ್ಟು ಅಕ್ರಮ-ಸಕ್ರಮಕ್ಕೆ ತಡೆ ಕೊಟ್ಟ ಮೇಲೂ 'ಇಂದಲ್ಲ ನಾಳೆ ಬರುತ್ತದೆ' ಎಂದು ನಂಬಿ ಮಹಡಿ ಏರಿಸಿದವರನ್ನು ನಾನೇ ಬಲ್ಲೆ.

ಹಿರಿಯರು ಹೇಳದೆ ಬಿಟ್ಟ ಒಂದು ಸಂಗತಿಯಿದೆ. 2006ರ ಪರಿಸರ ಅಧಿಸೂಚನೆಯು ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಗಣಿಗೂ ಕಾರ್ಖಾನೆಗೂ ಊರವರನ್ನು ಕೂರಿಸಿ ಕೇಳಬೇಕು, ಸಾವಿರಾರು ಜನ ಬಂದು ನೆಲೆಸುವ ಟೌನ್‌ಶಿಪ್ಪಿಗೆ ಕೇಳಬೇಕಾಗಿಲ್ಲ. ಹಾಗಾಗಿ ನೆರೆಯವರಾದ ನಮಗೆ ಕಾನೂನು ಕೊಟ್ಟಿರುವ ಬಾಗಿಲು ಎಂದರೆ ಭೂಬಳಕೆ ಬದಲಾವಣೆಯ ಆ 15 ದಿನಗಳು, ಅದೂ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದ ಪ್ರಕಟಣೆ ಕಣ್ಣಿಗೆ ಬಿದ್ದರೆ. ಮೊದಲ ಸಲವೇ 'ಏನು ಬೇಕಾದರೂ ಕಟ್ಟಬಹುದು' ಎಂಬ ಅನುಮತಿ ಕೊಟ್ಟುಬಿಟ್ಟರೆ, ಹನ್ನೆರಡು ವರ್ಷಗಳ ಎಲ್ಲ ನಿರ್ಧಾರಗಳಿಗೂ ನಾವು ಆ ಹದಿನೈದು ದಿನಗಳಲ್ಲೇ ಆಕ್ಷೇಪಣೆ ಹೇಳಿ ಮುಗಿಸಬೇಕಾಗುತ್ತದೆ. ಏನು ಬರುತ್ತದೆಂದೇ ಗೊತ್ತಿಲ್ಲದೆ ಯಾವುದಕ್ಕೆ ಆಕ್ಷೇಪಿಸುವುದು?

ಕಾಲುವೆ ನೀರು

ಜಲ ಮತ್ತು ಒಳಚರಂಡಿಯ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದವನು ನಾನು. ಹಿಂದಿನ ಬೀದಿಯವರ ಪ್ರಶ್ನೆಗೆ ಲೆಕ್ಕದ ಮೂಲಕವೇ ಉತ್ತರ ಕೊಡಬಹುದು ಅನಿಸುತ್ತದೆ.

'ಮನೆಯ ಬದಲು ಕಚೇರಿ' ಎಂದು ಎಲ್ಲರೂ ಚದರಡಿಗೆ ಚದರಡಿ ಅದಲುಬದಲು ಮಾಡುವಂತೆ ಮಾತಾಡುತ್ತಾರೆ. ನೆಲದ ಲೆಕ್ಕದಲ್ಲಿ ಅವೆರಡೂ ಸಮ. ನೀರಿನ ಲೆಕ್ಕದಲ್ಲಿ ಸಮವಲ್ಲ. ಒಂದು ಲಕ್ಷ ಚದರ ಮೀಟರ್ ಕಚೇರಿ ಕಟ್ಟಿದರೆ, ತಲೆಗೆ 10 ಚದರ ಮೀಟರಿನಂತೆ 10,000 ಜನ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಚೇರಿಯಲ್ಲಿ ತಲೆಗೆ ದಿನಕ್ಕೆ 45 ಲೀಟರ್ ನೀರು, ಒಟ್ಟು 4.5 ಲಕ್ಷ ಲೀಟರ್. ಅದೇ ಲಕ್ಷ ಚದರ ಮೀಟರಿನಲ್ಲಿ 100 ಚದರ ಮೀಟರಿನ ಸಾವಿರ ಮನೆ ಕಟ್ಟಿ, ಮನೆಗೆ ಐದು ಜನ, ತಲೆಗೆ 135 ಲೀಟರ್ ಹಿಡಿದರೆ 6.75 ಲಕ್ಷ ಲೀಟರ್. ವ್ಯತ್ಯಾಸ ದಿನಕ್ಕೆ 2.25 ಲಕ್ಷ ಲೀಟರ್, ಅಂದರೆ 6,000 ಲೀಟರಿನ ಟ್ಯಾಂಕರುಗಳಲ್ಲಿ ಎಣಿಸಿದರೆ ಮೂವತ್ತೇಳನ್ನು ಮೀರುತ್ತದೆ. 2024ರ ಬೇಸಿಗೆಯಲ್ಲಿ ಮಹದೇವಪುರದ ಕಡೆ ಇದ್ದವರಿಗೆ ಈ ಸಂಖ್ಯೆಯ ಭಾರ ಎಷ್ಟೆಂದು ವಿವರಿಸಬೇಕಾಗಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ಬಂದಿತೆಂಬುದು ನಿಜ. ಆದರೆ ಅದು ಆ ಹೊತ್ತಿಗೆ ಅಲ್ಲಿದ್ದ ಜನರ ಬಾಯಾರಿಕೆಗೂ ಲೆಕ್ಕವಾಗಬೇಕಾದ ನೀರು.

ವಾಹನದ ಲೆಕ್ಕ ತಿರುಗುಮುರುಗು. ಕಚೇರಿಗೆ ಹತ್ತು ಸಾವಿರ ಜನ ಬೆಳಗಿನ ಎರಡು ಗಂಟೆಯೊಳಗೆ ಬಂದು ಸೇರಬೇಕು. ಮನೆಗಳಲ್ಲಿರುವ ಐದು ಸಾವಿರ ಜನರಲ್ಲಿ ಮಕ್ಕಳು, ಮುದುಕರು, ಮನೆಯಲ್ಲೇ ಕೆಲಸ ಮಾಡುವವರು ಸೇರಿರುತ್ತಾರೆ, ಹೊರಡುವ ಹೊತ್ತೂ ಹರಡಿಕೊಂಡಿರುತ್ತದೆ. ಅಂದರೆ ಕಚೇರಿಯಿಂದ ಮನೆಗೆ ಬದಲಾದರೆ ಕೊಳವೆಯ ಮೇಲೆ ಒತ್ತಡ, ಮನೆಯಿಂದ ಕಚೇರಿಗೆ ಬದಲಾದರೆ ರಸ್ತೆಯ ಮೇಲೆ ಒತ್ತಡ. ಊಟದ ಹೋಟೆಲು ಬಂದರೆ ಪ್ರತಿ ಆಸನಕ್ಕೆ 70 ಲೀಟರ್ ಎಂಬ ಬೇರೆಯೇ ಲೆಕ್ಕ.

ಆದುದರಿಂದ ನನ್ನ ಸಲಹೆ ಇಷ್ಟು. ಅನುಮತಿ ಕೇಳುವಾಗ ಒಂದು ವಿನಿಮಯ ಪಟ್ಟಿಯನ್ನು ಅಭಿವೃದ್ಧಿ ನಕ್ಷೆಯ ಜೊತೆಗೇ ಲಗತ್ತಿಸಿ. ಇಷ್ಟು ಚದರ ಮೀಟರ್ ಕಚೇರಿಯನ್ನು ಬಿಟ್ಟರೆ ಇಷ್ಟು ಚದರ ಮೀಟರ್ ಮನೆ ಎಂಬುದನ್ನು ನೀರು ಮತ್ತು ಬೆಳಗಿನ ವಾಹನ ಎರಡನ್ನೂ ತೂಗಿ, ಎರಡರಲ್ಲಿ ಕಡಿಮೆ ಬರುವುದನ್ನು ಹಿಡಿದು ಬರೆಯಿರಿ. ಇಡೀ ಜಾಗಕ್ಕೆ ದಿನಕ್ಕೆ ಇಷ್ಟು ಲೀಟರ್, ಬೆಳಗಿನ ಹೊತ್ತಿನಲ್ಲಿ ಗಂಟೆಗೆ ಇಷ್ಟು ವಾಹನ ಎಂಬ ಎರಡು ಮೇಲ್ಮಿತಿಗಳನ್ನು ನೀವೇ ಹಾಕಿಕೊಳ್ಳಿ. ಪರಿಸರ ಅನುಮತಿಯ ಅರ್ಜಿಯಲ್ಲಿ ಅತಿ ಹೆಚ್ಚು ನೀರು ಬೇಡುವ ಸಂಯೋಜನೆ ಒಂದನ್ನೂ ಅತಿ ಹೆಚ್ಚು ವಾಹನ ತರುವ ಸಂಯೋಜನೆ ಒಂದನ್ನೂ ಬೇರೆ ಬೇರೆಯಾಗಿ ಅಂದಾಜಿಸಿ ಕೊಡಿ. ಆ ಎರಡರ ನಡುವೆ ನೀವು ಎಲ್ಲಿ ನಿಂತರೂ ಪರಿಣಾಮವನ್ನು ಮೊದಲೇ ಪರಿಶೀಲಿಸಿದಂತಾಗುತ್ತದೆ. ನೆರೆಯವರಿಗೂ ಆಕ್ಷೇಪಿಸಲು, ಒಪ್ಪಲು ಒಂದು ನಿಶ್ಚಿತ ಸಂಖ್ಯೆ ಕೈಗೆ ಸಿಗುತ್ತದೆ.

ಕೊಳಚೆ ಶುದ್ಧೀಕರಣ ಘಟಕವನ್ನು ಮಾತ್ರ ಕೊನೆಯ ಹಂತಕ್ಕೆ ದೂಡಬೇಡಿ. ಮೊದಲ ಹಂತದ ಮನೆಗಳ ಕೊಳಚೆಯನ್ನು ಟ್ಯಾಂಕರಿನಲ್ಲಿ ಹೊರಗೆ ಸಾಗಿಸುವ ಏರ್ಪಾಡು 'ತಾತ್ಕಾಲಿಕ' ಎಂಬ ಹೆಸರಿನಲ್ಲಿ ಆರು ವರ್ಷ ನಡೆದದ್ದನ್ನು ನೋಡಿದ್ದೇನೆ. ಆ ಟ್ಯಾಂಕರುಗಳು ರಾತ್ರಿ ಎಲ್ಲಿ ಖಾಲಿಯಾಗುತ್ತಿದ್ದವೆಂದು ಕಾಲುವೆಗೆ ಗೊತ್ತು.

ಮೂರನೇ ಗೋಪುರದ ಮನೆಯೊಡತಿ

ಮನೆ ಕೊಂಡವರ ಕಡೆಯಿಂದಲೂ ಒಂದು ಮಾತು. ಹಂತಹಂತವಾಗಿ ಕಟ್ಟಿದ ದೊಡ್ಡ ಯೋಜನೆಯೊಂದರ ಮೊದಲ ಹಂತದಲ್ಲಿ ನಾವು ಮನೆ ತೆಗೆದುಕೊಂಡೆವು. ತೋರಿಸಿದ ನಕ್ಷೆಯಲ್ಲಿ ನಮ್ಮ ಕಿಟಕಿಯ ಎದುರು ಶಾಲೆಯೂ ಆಟದ ಬಯಲೂ ಇತ್ತು. ನಾಲ್ಕು ವರ್ಷದ ಮೇಲೆ ಅಲ್ಲಿ ಕಚೇರಿಯ ಗೋಪುರಕ್ಕೆ ಪಾಯ ತೋಡಿದರು. ಕೇಳಿದಾಗ, ನೋಂದಣಿಯ ದಿನ ಕಾಫಿ ಕೊಟ್ಟು ನಮ್ಮಿಂದ ಸಹಿ ಮಾಡಿಸಿಕೊಂಡಿದ್ದ ಕಾಗದಗಳ ನಡುವೆ ಇದ್ದ ಒಂದು ಹಾಳೆಯನ್ನು ತೆಗೆದು ತೋರಿಸಿದರು. ಅದರಲ್ಲಿ ಮುಂದಿನ ಎಲ್ಲ ಬದಲಾವಣೆಗಳಿಗೂ ನಮ್ಮ ಒಪ್ಪಿಗೆ ಇದೆಯೆಂದು ಬರೆದಿತ್ತು.

ಅದಕ್ಕಿಂತ ನೋವಾದದ್ದು ನೆಲದ ಪಾಲಿನ ವಿಷಯ. ಎಫ್‌ಎಆರ್ ಹೆಚ್ಚಿಸಿಕೊಂಡು ಮನೆಗಳ ಸಂಖ್ಯೆ ಏರಿಸಿದಾಗ, ಇಡೀ ನೆಲದಲ್ಲಿ ನಮ್ಮ ಅವಿಭಕ್ತ ಪಾಲು ತಾನಾಗಿಯೇ ಸಣ್ಣದಾಯಿತು. ಕ್ರಯಪತ್ರದಲ್ಲಿ ಬರೆದಿರುವ ಚದರಡಿಗೂ ಈಗ ಲೆಕ್ಕಕ್ಕೆ ಬರುವ ಚದರಡಿಗೂ ತಾಳೆಯಾಗುವುದಿಲ್ಲ. ಕಟ್ಟಡ ಹಳೆಯದಾಗಿ ಮತ್ತೆ ಕಟ್ಟುವ ದಿನ ಬಂದಾಗ ಉಳಿಯುವುದು ಆ ನೆಲದ ಪಾಲೊಂದೇ ಅಲ್ಲವೇ? ನಿಮ್ಮ ಹೊಂದಾಣಿಕೆಯ ಲೆಕ್ಕದಲ್ಲಿ ಮೊದಲು ಬಂದು ದುಡ್ಡು ಕೊಟ್ಟವರು ಎಲ್ಲಿದ್ದಾರೆ ಎಂದು ಕೇಳಬೇಕೆನಿಸಿತು.

ವಕೀಲರು, ಬೆಂಗಳೂರು ಪೂರ್ವ

ಮೇಡಂ ಅವರು ಎತ್ತಿರುವುದು ಇಡೀ ಚರ್ಚೆಯ ಗಂಟಿನ ಜಾಗ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಕಲಂ 14ರ ಪ್ರಕಾರ, ಮಂಜೂರಾದ ನಕ್ಷೆಯಲ್ಲಾಗಲಿ ಸಾಮಾನ್ಯ ಸ್ಥಳಗಳಲ್ಲಾಗಲಿ ಬದಲಾವಣೆ ಮಾಡಲು ಖರೀದಿಗೆ ಒಪ್ಪಂದ ಮಾಡಿಕೊಂಡವರಲ್ಲಿ ಮೂರನೇ ಎರಡು ಪಾಲು ಜನರ ಲಿಖಿತ ಪೂರ್ವಾನುಮತಿ ಬೇಕು. ಒಬ್ಬರು ಎಷ್ಟೇ ಮನೆ ಕೊಂಡಿದ್ದರೂ ಅವರದು ಒಂದೇ ಮತ. ಏನು ಬದಲಾಗುತ್ತದೆಂದು ಹೇಳದೆ ನೋಂದಣಿಯ ದಿನವೇ ಪಡೆದ ಒಪ್ಪಿಗೆ ಈ ಕಲಮಿನ ಉದ್ದೇಶವನ್ನು ಪೂರೈಸುವುದಿಲ್ಲವೆಂಬುದು ನನ್ನ ಅಭಿಪ್ರಾಯ, ಮತ್ತು ನಾನು ಅದನ್ನೇ ವಾದಿಸುತ್ತೇನೆ.

ಇದರ ಅರ್ಥ ಮೂಲ ಪ್ರಶ್ನೆ ಕೇಳಿದವರಿಗೆ ಹೀಗೆ: ಸರ್ಕಾರ ನಿಮಗೆ ಎಷ್ಟೇ ಉದಾರವಾಗಿ ಅವಕಾಶ ಕೊಟ್ಟಿದ್ದರೂ, ಮೊದಲ ಮನೆಯ ಕರಾರು ಆದ ದಿನದಿಂದ ಬದಲಾವಣೆಯ ಕೀಲಿ ಖರೀದಿದಾರರ ಕೈಗೆ ಹೋಗುತ್ತದೆ. ಅದೇ ಕಾಯ್ದೆ ಪ್ರತಿ ಹಂತವನ್ನೂ ಸ್ವತಂತ್ರ ಯೋಜನೆಯೆಂದು ಪರಿಗಣಿಸಿ ಬೇರೆಯಾಗಿ ನೋಂದಾಯಿಸಲು ಹೇಳುತ್ತದೆ. ಆದುದರಿಂದ ಯಾವ ತುಂಡು ಈಗಲೇ ನಿಶ್ಚಿತ, ಯಾವ ತುಂಡು ಮುಂದೆ ಬದಲಾಗಬಹುದು ಎಂಬುದನ್ನು ನೆಲದ ಮೇಲೆಯೇ ಗೆರೆ ಎಳೆದು ಬೇರ್ಪಡಿಸಿ. ಮೊದಲ ಹಂತದವರ ನೆಲದ ಪಾಲನ್ನು ಆ ಹಂತದ ಗಡಿಯೊಳಗೇ ಲೆಕ್ಕ ಹಾಕಿ ಕೊಟ್ಟರೆ, ಉಳಿದ ತುಂಡುಗಳಲ್ಲಿ ಮುಂದೆ ಏನು ಏರಿದರೂ ಅವರ ಪಾಲು ಕರಗುವುದಿಲ್ಲ. ಬದಲಾಗಬಹುದಾದ ತುಂಡಿನಲ್ಲಿ ಏನೇನು ಬರಬಹುದು, ಎತ್ತರ ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಮಾರಾಟದ ನಕ್ಷೆಯಲ್ಲೇ ಹೇಳಿ. ಬಣ್ಣದ ಚಿತ್ರದಲ್ಲಿ ಶಾಲೆ ಬರೆದು, ಕರಾರಿನಲ್ಲಿ 'ಸೂಕ್ತವೆಂದು ಕಂಡಂತೆ' ಎಂದು ಬರೆಯುವುದು ವ್ಯಾಜ್ಯಕ್ಕೆ ನೀವೇ ಕೊಡುವ ಕರೆಯೋಲೆ.

ಇನ್ನೊಂದು ಮಾತನ್ನು ಕುಟುಂಬದ ಹಿರಿಯರಿಗೆ ಓದಿ ಹೇಳಿ. ಜಂಟಿ ಅಭಿವೃದ್ಧಿಯಲ್ಲಿ ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದರೆ ಕಾಯ್ದೆ ಇಬ್ಬರನ್ನೂ ಪ್ರವರ್ತಕರೆಂದೇ ಕರೆದು ಜಂಟಿಯಾಗಿ ಹೊಣೆ ಮಾಡುತ್ತದೆ. ನಿಮ್ಮ ಪಾಲಿಗೆ ಬಂದ ಮನೆಗಳನ್ನು ನೀವು ಮಾರುವಾಗ 'ನಾವು ಜಮೀನು ಕೊಟ್ಟವರಷ್ಟೇ' ಎಂಬ ಮಾತು ನಡೆಯುವುದಿಲ್ಲ. ನಿರ್ಮಾಣಗಾರರು ಬದಲಾವಣೆ ಮಾಡಿಕೊಳ್ಳುವ ಅಧಿಕಾರಪತ್ರ ನೀವು ಕೊಟ್ಟದ್ದಾದರೆ, ಅದರ ಫಲ ನಿಮ್ಮ ಮನೆಗೂ ಬರುತ್ತದೆ. ದೊಡ್ಡಪ್ಪನವರು ಹನ್ನೊಂದನ್ನು ಎಣಿಸಿದ್ದು ಒಳ್ಳೆಯದೇ ಆಯಿತು.

ನಿಯಮ ನಡುವೆ ಬದಲಾದರೆ ಏನು ಗತಿ ಎಂಬುದಕ್ಕೆ ಹೊರಗಿನ ಒಂದು ಮಾದರಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1979ರಲ್ಲಿ ಒಂದು ಕಾನೂನು ತಂದು, ನಗರಾಡಳಿತವೂ ನಿರ್ಮಾಣಗಾರರೂ ಒಪ್ಪಂದ ಮಾಡಿಕೊಂಡರೆ ಒಪ್ಪಂದದ ದಿನ ಇದ್ದ ನಿಯಮಗಳೇ ಅದರ ಅವಧಿಯುದ್ದಕ್ಕೂ ಅನ್ವಯಿಸುವಂತೆ ಮಾಡಿತು. ಆದರೆ ನಿರ್ಮಾಣಗಾರರು ಪ್ರಾಮಾಣಿಕವಾಗಿ ನಡೆದುಕೊಂಡಿದ್ದಾರೆಯೇ ಎಂದು ನಗರವು ಕನಿಷ್ಠ ವರ್ಷಕ್ಕೊಮ್ಮೆ ಪರಿಶೀಲಿಸಬೇಕು, ಮತ್ತು ಒಪ್ಪಂದವನ್ನು ಜನಮತಕ್ಕೆ ಒಡ್ಡುವ ಅವಕಾಶವನ್ನೂ ಕಾನೂನು ಉಳಿಸಿಕೊಂಡಿದೆ. ನಮ್ಮ 1961ರ ಅಧಿನಿಯಮದಲ್ಲಿ ಇಂಥ ಒಪ್ಪಂದಕ್ಕೆ ನೇರ ಕಲಂ ಇಲ್ಲ. ಹಾಗಾಗಿ ನಾವು ಮಾಡಬಹುದಾದದ್ದು, ಮೇಲಿನವರು ಹೇಳಿದ ಮೇಲ್ಮಿತಿಗಳನ್ನೂ ವಿನಿಮಯ ಪಟ್ಟಿಯನ್ನೂ ಅಭಿವೃದ್ಧಿ ನಕ್ಷೆಯ ಮಂಜೂರಾತಿಯಲ್ಲಿ ಷರತ್ತಾಗಿ ಬರೆಸಿಕೊಳ್ಳುವ ಪ್ರಯತ್ನ. ಅಧಿಕಾರಿಗಳು ತಮಗೆ ಅಭ್ಯಾಸವಿಲ್ಲದ ಷರತ್ತನ್ನು ಬರೆಯಲು ಹಿಂಜರಿಯುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಮಾತಿನ ಒಂದೆಳೆ ಬದಲಾದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ಗಿರಣಿ ಜಮೀನುಗಳನ್ನು ನೋಡಿ. 1991ರ ನಿಯಮದಂತೆ ಮುಚ್ಚಿದ ಗಿರಣಿಯ ಜಾಗವನ್ನು ಮರುಬಳಕೆಗೆ ತಂದರೆ ಮೂರನೇ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಆ ಹಂಚಿಕೆ ಗಿರಣಿಯೊಳಗೆ ಕಟ್ಟಡವಿಲ್ಲದೆ ಖಾಲಿಯಿದ್ದ ನೆಲಕ್ಕೆ ಮಾತ್ರ ಅನ್ವಯಿಸುತ್ತದೆಂದು ತಿದ್ದಿದರು. ಗಿರಣಿಗಳಲ್ಲಿ ಖಾಲಿ ನೆಲ ಇದ್ದದ್ದೇ ಕಡಿಮೆ. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಗರಕ್ಕೆ ಬರಬೇಕಿದ್ದ ಬಯಲು ಲೋಟದ ತಳದ ನೀರಿನಷ್ಟಾಯಿತು.

ಹೊಸ ಓದುಗ

ಇಷ್ಟೆಲ್ಲ ಓದಿದ ಮೇಲೆ, ಎಲ್ಲವನ್ನೂ ಏಕಗವಾಕ್ಷಿಯಲ್ಲಿ ಕೊಟ್ಟರೆ ಮುಗಿಯುವುದಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ನಿವೃತ್ತ ಯೋಜನಾಧಿಕಾರಿ

ಗವಾಕ್ಷಿ ಒಂದೇ ಆಗಬಹುದು, ಒಳಗೆ ಕೂತಿರುವ ಇಲಾಖೆಗಳು ಒಂದಾಗುವುದಿಲ್ಲ. ಕಡತ ಬೇಗ ಓಡುತ್ತದೆ ಎಂಬುದಷ್ಟೇ ಅದರ ಲಾಭ. ಮೂಲ ಪ್ರಶ್ನೆ ವೇಗದ್ದಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಹೆಂಚಿನ ಕಾರ್ಖಾನೆ ಮನೆಯವರು

ಉತ್ತರ ಬರೆದ ಎಲ್ಲರಿಗೂ ಋಣಿ. ಕಳೆದ ಭಾನುವಾರ ನಾಲ್ಕೂ ಮನೆಯವರು ಹಳೆಯ ಗೂಡಿನ ಪಕ್ಕದ ಹುಣಸೆ ಮರದಡಿ ಕೂತು ಈ ಚರ್ಚೆಯನ್ನು ಮೊದಲಿನಿಂದ ಓದಿದೆವು. ಜಗಳವೂ ಆಯಿತು. ವಿನಿಮಯ ಪಟ್ಟಿಯೆಂದರೆ ನಮ್ಮ ಕೈಯನ್ನು ನಾವೇ ಕಟ್ಟಿಕೊಂಡಂತೆ, ಬೆಲೆ ಬಿದ್ದ ದಿನ ಪರಿತಪಿಸುತ್ತೇವೆ ಎಂಬುದು ಚಿಕ್ಕಪ್ಪನ ಮಗನ ವಾದ. ಹಿಂದಿನ ಬೀದಿಯವರು ಹೇಳಿದ ಹದಿನೈದು ದಿನದ ಮಾತು ದೊಡ್ಡಪ್ಪನವರಿಗೆ ಬಹಳ ತಟ್ಟಿತು. ಗ್ರಾಮಠಾಣಾದ ಕಡೆ ಇಂದಿಗೂ ಅವರ ಜೊತೆ ಓದಿದವರಿದ್ದಾರೆ.

ಕೊನೆಗೆ ಒಪ್ಪಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಕಾಲುವೆಯ ಎರಡೂ ದಡದ ಮೂರು ಎಕರೆಗೆ ಅಂಟಿಕೊಂಡೇ ಉದ್ಯಾನದ ಜಾಗ ಬರಬೇಕು, ಕಾಲುವೆಗೆಂದು ಬಿಟ್ಟದ್ದನ್ನು ಉದ್ಯಾನದ ಲೆಕ್ಕಕ್ಕೆ ಸೇರಿಸಬಾರದು, ಮತ್ತು ಆ ಉದ್ಯಾನದ ಹಕ್ಕು ಬಿಟ್ಟುಕೊಡುವ ಪತ್ರ ಮೊದಲ ಹಂತದ ನಕ್ಷೆಯ ಜೊತೆಗೇ ನೋಂದಣಿಯಾಗಬೇಕು. ಶಾಲೆಯ ಜಾಗ, ಒಳರಸ್ತೆ, ಕೊಳಚೆ ಶುದ್ಧೀಕರಣ ಘಟಕ ಎಂದಿಗೂ ಬದಲಾಗದ ಪಟ್ಟಿಯಲ್ಲಿರುತ್ತವೆ. ದೊಡ್ಡ ರಸ್ತೆಯ ಕಡೆಯ ಎರಡು ತುಂಡುಗಳು ಮಾತ್ರ ಮನೆ ಅಥವಾ ಕಚೇರಿ ಆಗಬಹುದು, ಅದೂ ನೀರು ಮತ್ತು ವಾಹನದ ಮೇಲ್ಮಿತಿಯೊಳಗೆ. ಆ ತುಂಡುಗಳ ವಾಹನಗಳಿಗೆ ಹಿಂದಿನ 12 ಮೀಟರ್ ರಸ್ತೆಗೆ ಬಾಗಿಲು ಇರುವುದಿಲ್ಲ. ನಿರ್ಮಾಣಗಾರರಿಗೆ ಕೊಡುವ ಅಧಿಕಾರಪತ್ರ ಹಂತಕ್ಕೊಂದರಂತೆ ಇರುತ್ತದೆ, ಇಡೀ ಜಾಗಕ್ಕೆ ಒಂದೇ ಅಲ್ಲ. ಪತ್ರಿಕಾ ಪ್ರಕಟಣೆಗೆ ಒಂದು ತಿಂಗಳು ಮೊದಲೇ ನಕ್ಷೆಯನ್ನೂ ಪಟ್ಟಿಯನ್ನೂ ಕನ್ನಡದಲ್ಲಿ ಬರೆಸಿ ಗ್ರಾಮದ ದೇವಸ್ಥಾನದ ಜಗಲಿಯಲ್ಲಿ ಅಂಟಿಸಬೇಕೆಂದು ದೊಡ್ಡಪ್ಪ ಹೇಳಿದ್ದಾರೆ. ಕಾನೂನು ಅದನ್ನು ಕೇಳುವುದಿಲ್ಲವೆಂದು ನಿರ್ಮಾಣಗಾರರು ಹೇಳಿದರು. ಕೇಳದಿದ್ದರೂ ಹಾಕೋಣ ಎಂದರು ದೊಡ್ಡಪ್ಪ.

ಹಿಂದಿನ ಬೀದಿಯ ನಿವಾಸಿ

ಬಾಗಿಲು ಇಲ್ಲವೆಂಬುದನ್ನು ನಕ್ಷೆಯ ಷರತ್ತಿನಲ್ಲೇ ಬರೆಸಿ. ಬರಿಯ ಮಾತಾಗಿದ್ದರೆ, ಗೋಡೆಯಲ್ಲಿ ಮೊದಲು ತುರ್ತು ದಾರಿ, ಆಮೇಲೆ ಗೇಟು, ಅದಾದ ಮೇಲೆ ಕಾವಲುಗಾರನ ಕೋಣೆ ಬರುತ್ತದೆ. ನಮ್ಮಲ್ಲಿ ಬಂದದ್ದು ಹಾಗೆಯೇ. ಅಗ್ನಿಶಾಮಕ ವಾಹನದ ದಾರಿ ನಿಜವಾಗಿ ಬೇಕಿದ್ದರೆ ಅದನ್ನು ಈಗಲೇ ತೋರಿಸಿ, ಬೀಗ ಯಾರ ಬಳಿ ಇರುತ್ತದೆಂದೂ ಬರೆಯಿರಿ.

ನಿವೃತ್ತ ಯೋಜನಾಧಿಕಾರಿ

ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ಇದೆಲ್ಲದಕ್ಕೂ ಮೊದಲು ಒಂದು ಕೆಲಸ ಉಳಿದಿದೆ. 36 ಎಕರೆ ಎಂಬುದು ಪಹಣಿಗಳನ್ನು ಕೂಡಿಸಿ ಬಂದ ಸಂಖ್ಯೆಯೋ, ಅಳತೆ ಮಾಡಿಸಿ ಬಂದದ್ದೋ? ಕಾಲುವೆ ಇರುವ ಕಡೆ ಗ್ರಾಮನಕಾಶೆಯಲ್ಲಿ ಹಳ್ಳವೂ ಬಂಡಿದಾರಿಯೂ ಗುರುತಾಗಿರುತ್ತವೆ, ಆಕಾರಬಂದಿನಲ್ಲಿ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಅದು 'ಬಿ' ಖರಾಬು ಎಂದು ನಮೂದಾಗಿರುತ್ತದೆ. 'ಬಿ' ಖರಾಬು ಸಾರ್ವಜನಿಕರ ಉಪಯೋಗಕ್ಕೆಂದು ಬಿಟ್ಟ ನೆಲ. ಅದು ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ, ಎಫ್‌ಎಆರ್ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಕಳೆದ ಮೇಲೆ ಉಳಿಯುವ ವಿಸ್ತೀರ್ಣದ ಮೇಲೆಯೇ ಶೇ. 10, ಶೇ. 5, ಮೇಲ್ಮಿತಿ, ವಿನಿಮಯ ಪಟ್ಟಿ ಎಲ್ಲವನ್ನೂ ಮತ್ತೆ ಹಾಕಬೇಕಾಗುತ್ತದೆ. ಪೋಡಿ ಆಗದ, ಅಂದರೆ ಅಳೆದು ಬೇರೆ ಮಾಡಿರದ, ಹಿಸ್ಸೆ ಯಾವುದಾದರೂ ದಾಯಾದಿಗಳ ನಡುವೆ ಉಳಿದಿದ್ದರೆ ಅದನ್ನೂ ಈಗಲೇ ಮುಗಿಸಿಕೊಳ್ಳಿ.

ಹೆಂಚಿನ ಕಾರ್ಖಾನೆ ಮನೆಯವರು

ಪಹಣಿ ಕೂಡಿಸಿದ ಸಂಖ್ಯೆಯೇ ಸರ್. ಗೂಡಿನ ಹಿಂದೆ ತಾತನ ಕಾಲದಲ್ಲಿ ಮಣ್ಣಿನ ಗಾಡಿಗಳು ಬರುತ್ತಿದ್ದ ದಾರಿಯೊಂದಿದೆ, ಅದನ್ನು ನಾವು ನಮ್ಮದೆಂದೇ ತಿಳಿದಿದ್ದೆವು. ಸೋಮವಾರ ಅಳತೆಗೆ ಅರ್ಜಿ ಹಾಕಿ, ಸರ್ವೆ ಟಿಪ್ಪಣಿ ಮತ್ತು ಆಕಾರಬಂದಿನ ನಕಲು ಕೈಗೆ ಬಂದ ಮೇಲೆ ಮತ್ತೆ ಇಲ್ಲಿಯೇ ಬರೆಯುತ್ತೇನೆ.